ಹುಣ್ಣು ಮಾಯುವ ತನಕ ಬದುಕೇಕೆ ಕಾಯಬೇಕು?



ಕುಡಚಿ ಸ್ಟೇಶನ್ನಿನಲ್ಲಿ ಮುಂಜಾನೆ ಮಿರಜಿನ ಗಾಡಿಗೆ ಕಾದು ನಿಂತವರಲ್ಲಿ ದುಡಿಮೆಗೆ ಹೊರಟವರು ಯಾರು, ದವಾಖಾನೆಗೆ ಹೊರಟವರು ಯಾರು ಎಂದು ಗುರುತಿಸುವುದು ಕಷ್ಟವಲ್ಲ. ದವಾಖಾನೆಯವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಹಳೆಯ ಎಕ್ಸ್‌ರೇ, ಮಡಚಿ ಮಡಚಿ ಹರಿದ ಚೀಟಿಗಳು. ಅವರಲ್ಲಿ ಒಂದಿಬ್ಬರು ಬಾಕಿನ ತುದಿಯಲ್ಲಿ, ಉಳಿದವರಿಂದ ಎರಡು ಮೊಳ ಸರಿದು ಕೂತಿರುತ್ತಾರೆ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕಾಲಿಗೆ ಹಳೆಯ ಧೋತರದ ಚೂರು. ಗಾಡಿ ಹತ್ತಿದ ಮೇಲೂ ಅವರು ಬಾಗಿಲ ಹತ್ತಿರವೇ ನಿಲ್ಲುತ್ತಾರೆ, ಸೀಟು ಖಾಲಿ ಇದ್ದರೂ. ಉಗಾರ ಹೋಯಿತು, ಶೇಡಬಾಳ ಹೋಯಿತು, ಮಿರಜ ಬಂತು, ಅವರು ನಿಂತೇ ಇರುತ್ತಾರೆ. ಯಾಕೆ ಎಂದು ಕೇಳಿದರೆ ಗಾಳಿ ಬೇಕು ಎನ್ನುತ್ತಾರೆ. ಗಾಳಿ ಬೇಕಾದದ್ದು ಅವರಿಗಲ್ಲ, ತಮ್ಮ ಕಾಲಿನ ವಾಸನೆ ಪಕ್ಕದವರಿಗೆ ಹೋಗಬಾರದು ಎಂಬ ಸಂಕೋಚ ಅದು.

ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಮಾಯದ ಕಾಲಿನ ಹುಣ್ಣು ಇಟ್ಟುಕೊಂಡು ಬದುಕುವವರ ಬಗ್ಗೆ ಇವತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ. ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ಈ ಭಾಗದಲ್ಲಿ ಡ್ರೆಸಿಂಗ್ ರೂಮಿನ ಬಾಗಿಲಲ್ಲಿ ನಿಂತವರಿಗೆ ಇವರು ಹೊಸಬರಲ್ಲ. ಆರು ವಾರ ಕಳೆದರೂ ಹುಣ್ಣು ಮಾಯುತ್ತಿಲ್ಲವೆಂದರೆ ಮೇಲೆ ಹಚ್ಚುವ ಮುಲಾಮಿನ ವಿಚಾರ ಬಿಟ್ಟು ಒಳಗಿನ ಕಾರಣ ಹುಡುಕಬೇಕು. ನಮ್ಮ ಕಡೆ ಆ ಕಾರಣ ಹೆಚ್ಚಾಗಿ ಮೂರು ದಾರಿಯಿಂದ ಬರುತ್ತದೆ: ಕಾಲಿನ ಅಶುದ್ಧ ರಕ್ತನಾಳ ಕೆಟ್ಟಿರುವುದು, ಕಾಲಿಗೆ ಹೋಗುವ ಶುದ್ಧ ರಕ್ತವೇ ಕಡಿಮೆಯಾಗಿರುವುದು, ಇಲ್ಲವೆ ಸಕ್ಕರೆ ಕಾಯಿಲೆಯಿಂದಲೋ ಕುಷ್ಠದಿಂದಲೋ ಪಾದಕ್ಕೆ ಸ್ಪರ್ಶವೇ ಹೋಗಿರುವುದು.

ಮೊದಲನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೃಷ್ಣಾ ನದಿಗೆ ಪಂಪು ಇಳಿಸಿ ಕಬ್ಬಿಗೆ ನೀರು ಹಾಯಿಸುವ ಯಾವ ರೈತನಿಗೂ ಫುಟ್‌ವಾಲ್ವ್ ಗೊತ್ತು. ಅದು ಕೆಟ್ಟರೆ ಮೇಲೇರಿದ ನೀರು ಪೈಪಿನಿಂದ ಮತ್ತೆ ನದಿಗೇ ಇಳಿಯುತ್ತದೆ. ನಮ್ಮ ಕಾಲಿನ ಅಶುದ್ಧ ರಕ್ತನಾಳಗಳಲ್ಲೂ, ಅಂದರೆ ನಾವು ನರ ಎನ್ನುವವುಗಳಲ್ಲೂ, ಅಂಥ ಸಣ್ಣ ಸಣ್ಣ ವಾಲ್ವುಗಳಿವೆ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ವಾಲ್ವು ಅದನ್ನು ಕೆಳಗಿಳಿಯದಂತೆ ಹಿಡಿಯುತ್ತದೆ. ವಾಲ್ವು ಸಡಿಲಾದರೆ ರಕ್ತ ಹರಡಿನ ಸುತ್ತ ನಿಂತು ಒತ್ತಡ ಏರುತ್ತದೆ. ನರ ಉಬ್ಬುತ್ತವೆ, ಸಂಜೆಗೆ ಕಾಲು ಬಾಯುತ್ತದೆ, ಹರಡಿನ ಒಳಮಗ್ಗುಲಿನ ಚರ್ಮ ಕಂದಾಗಿ ಗಟ್ಟಿಯಾಗುತ್ತದೆ. ಆಮೇಲೆ ಒಂದು ದಿನ ಕಬ್ಬಿನ ಕೂಳೆ ಚುಚ್ಚಿತೋ, ರವದಿ ಗೀರಿತೋ, ಕೆರೆದುಕೊಂಡಾಗ ಉಗುರು ತಾಗಿತೋ, ಅಷ್ಟೇ ಸಾಕು. ದಿನವಿಡೀ ನಿಂತು ದುಡಿಯುವವರಿಗೆ ಇದು ಹೆಚ್ಚು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಣ್ಣುಮಕ್ಕಳು, ಕ್ಷೌರಿಕರು, ಬಸ್ಸಿನ ಕಂಡಕ್ಟರರು, ಹೋಟೆಲಿನ ಭಟ್ಟರು, ಗಿರಣಿಯವರು. ಹೆರಿಗೆಗಳು ಹೆಚ್ಚಾದ ತಾಯಂದಿರಿಗೂ ಬರುತ್ತದೆ.

ಇಂಥ ಹುಣ್ಣನ್ನು ನಾವು ವೈದ್ಯರು ಹೇಗೆ ನೋಡುತ್ತೇವೆ? ಉದ್ದ ಎಷ್ಟು, ಅಗಲ ಎಷ್ಟು, ಕೀವು ಇದೆಯೇ, ಅಂಚು ಹೇಗಿದೆ. ಕೇಸ್ ಪೇಪರಿನಲ್ಲಿ ಬರೆಯುವುದು ಇಷ್ಟನ್ನೇ. ಒಮ್ಮೆ ಚಿಂಚಲಿ ಕಡೆಯ ಒಬ್ಬ ಮುದುಕಿಯನ್ನು "ಹುಣ್ಣು ಹೆಂಗೈತಿ, ಯವ್ವಾ?" ಎಂದು ಕೇಳಿದೆ. "ಹುಣ್ಣಿಂದ ಬಿಡೋ ಯಪ್ಪಾ, ಅದು ಹೆಂಗಿತ್ತೋ ಹಂಗೈತಿ. ಮಮ್ಮಗ ಬಾಜೂಕ ಬರವಲ್ಲ, ಅದಕ್ಕೇನರ ಗುಳಿಗಿ ಐತೇನು?" ಎಂದಳು. ಹೊಲಸು ವಾಸನೆ ಅಂತ ಮೊಮ್ಮಗ ಪಡಸಾಲೆಯ ಆಚೆ ತುದಿಯಲ್ಲಿ ಮಲಗುತ್ತಿದ್ದನಂತೆ. ಆಕೆಯ ಕೇಸ್ ಪೇಪರಿನಲ್ಲಿ ಮೊಮ್ಮಗನಿಗೆ ಜಾಗ ಇರಲಿಲ್ಲ.

ಹುಣ್ಣು ಕಾಲಿನದಾದರೂ ಅದು ತಿನ್ನುವುದು ಬೇರೆ ಬೇರೆ ಕಡೆ. ಮೊದಲು ನಿದ್ದೆ. ಹಗಲೆಲ್ಲ ಹೇಗೋ ಮರೆತಿದ್ದ ನೋವು ರಾತ್ರಿ ದೀಪ ಆರಿಸಿದ ಮೇಲೆ ಎದ್ದು ಕೂರುತ್ತದೆ. ಆಮೇಲೆ ಬಟ್ಟೆ. ಸೋರಿದ ನೀರು ಸೀರೆಯ ನಿರಿಗೆಗೆ, ಹಾಸಿಗೆಗೆ, ಕೌದಿಗೆ ಹತ್ತುತ್ತದೆ, ದಿನಾ ಒಗೆಯುವವರು ಸೊಸೆಯೋ ಮಗಳೋ. ಅವರು ಏನೂ ಅನ್ನದಿದ್ದರೂ ಅಂದ ಹಾಗೆ ಕೇಳಿಸುತ್ತದೆ. ಆಮೇಲೆ ಊರು. ಮದುವೆಯ ಪಂಕ್ತಿಯಲ್ಲಿ ಕೂರುವುದಿಲ್ಲ, ಭಾರತ ಹುಣ್ಣಿವೆಗೆ ಚಿಂಚಲಿಯ ದೇವಿ ಮಾಯಕ್ಕನ ಜಾತ್ರೆಗೆ ಮನೆಮಂದಿಯೆಲ್ಲ ಹೋದರೂ ತಾವು ಮನೆ ಕಾಯುತ್ತಾರೆ. ಕುಡಚಿಯಲ್ಲಿ ಮಸೂದಿಯ ಮೊದಲ ಸಾಲು ಬಿಡದಿದ್ದ ಹಿರಿಯರೊಬ್ಬರು ಜಮಾತಿಗೆ ಹೋಗುವುದನ್ನೇ ನಿಲ್ಲಿಸಿದ್ದರು. ಚಾಪೆ ಕೆಡುತ್ತದೆ, ಪಟ್ಟಿ ಬಿಚ್ಚದೆ ಕೈಕಾಲು ತೊಳೆಯುವ ವಜೂ ಆಗುವುದಿಲ್ಲ ಎಂಬುದು ಅವರ ಚಿಂತೆ. ಪಟ್ಟಿ ಕಟ್ಟಿದ ಗಾಯದ ಮೇಲೆ ಒದ್ದೆ ಕೈ ಸವರಿದರೆ ಸಾಕು, ಕುರ್ಚಿಯ ಮೇಲೆ ಕೂತೂ ನಮಾಜು ಮಾಡಬಹುದು ಎಂಬ ರಿಯಾಯಿತಿ ಅವರ ಧರ್ಮಶಾಸ್ತ್ರದಲ್ಲೇ ಇದೆ. ಅದನ್ನು ನನ್ನಂಥವನು ಹೇಳುವುದಕ್ಕಿಂತ ಮೌಲಾನಾರ ಬಾಯಿಂದ ಕೇಳುವುದು ಒಳ್ಳೆಯದು. ಕೇಳಿದರು, ಹೋಗತೊಡಗಿದರು. ಹುಣ್ಣು ಮಾತ್ರ ಆಗಿನ್ನೂ ಮಾಯ್ದಿರಲಿಲ್ಲ.

ನಾನು ಇವತ್ತು ಒತ್ತಿ ಹೇಳಬೇಕೆಂದಿರುವುದು ಈ ಮಾತನ್ನೇ. ಹುಣ್ಣು ಮಾಯಲು ಆರು ತಿಂಗಳು ಹಿಡಿಯಬಹುದು, ಎರಡು ವರ್ಷ ಹಿಡಿಯಬಹುದು, ಮಾಯದೆಯೂ ಇರಬಹುದು. ಆದರೆ ನೋವು, ವಾಸನೆ, ಸೋರಿಕೆ, ನಿದ್ದೆಗೇಡು ಇವಕ್ಕೆ ಈ ವಾರವೇ ಏನಾದರೂ ಮಾಡಲು ಸಾಧ್ಯ. "ಮೊದಲು ಹುಣ್ಣು ಮಾಯಲಿ, ಉಳಿದದ್ದು ಆಮೇಲೆ" ಎಂದು ಮನೆಯವರೂ ಅನ್ನುತ್ತಾರೆ, ವೈದ್ಯರೂ ಅನ್ನುತ್ತಾರೆ. ಆ ಆಮೇಲೆ ಎಂಬುದರಲ್ಲಿ ಒಬ್ಬ ಮನುಷ್ಯನ ಹತ್ತು ವರ್ಷ ಕರಗಿ ಹೋಗುತ್ತದೆ.

ವೈದ್ಯಲೋಕ ಇದನ್ನು ತಡವಾಗಿಯಾದರೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಲಂಡನ್ನಿನ ಚಾರಿಂಗ್ ಕ್ರಾಸ್ ಆಸ್ಪತ್ರೆಯ ಹೆಸರಿನಲ್ಲಿ 2000ರಲ್ಲಿ ಒಂದು ಪ್ರಶ್ನಾವಳಿ ಪ್ರಕಟವಾಯಿತು. ರಕ್ತನಾಳದ ಹುಣ್ಣಿರುವವರಿಗೆ ಅದು ಕೇಳುವುದು ನಾಲ್ಕು ಬಗೆಯ ಸಂಗತಿ: ಜನರೊಂದಿಗೆ ಬೆರೆಯುವುದು, ಮನೆಗೆಲಸ, ಕಾಲು ಕಾಣುವ ರೀತಿ, ಮನಸ್ಸಿನ ಸ್ಥಿತಿ. ಅದನ್ನು ಹಾಗೇ ತಂದು ನಮ್ಮಲ್ಲಿ ತುಂಬಿಸಿದರೆ ಅರ್ಧ ಪ್ರಶ್ನೆ ಹೊಂದಲಿಕ್ಕಿಲ್ಲ. ನೆಲದ ಮೇಲೆ ಕೂರುವುದು, ಶೌಚಕ್ಕೆ ಕುಕ್ಕುರುಗಾಲಲ್ಲಿ ಕೂರುವುದು, ದೇವರ ಕೋಣೆಗೆ ಹೋಗುವುದು, ಪಟ್ಟಿ ಬಿಚ್ಚುವ ದಿನ ಕೂಲಿ ತಪ್ಪುವುದು, ಇವು ಅದರಲ್ಲಿಲ್ಲ. ನಮ್ಮ ಪ್ರಶ್ನಾವಳಿಯನ್ನು ನಾವೇ ಬರೆದುಕೊಳ್ಳಬೇಕು. ಅಲ್ಲಿಯವರೆಗೆ "ನಿದ್ದೆ ಹತ್ತತೈತೇನ್ರಿ? ಹೋದ ವಾರ ಯಾರ ಮನೀಗೆ ಹೋಗಿದ್ರಿ?" ಎಂಬ ಎರಡು ಪ್ರಶ್ನೆ ಕೇಳಿದರೂ ಸಾಕು.

ಇನ್ನು ಕೈಯಲ್ಲಿ ಮಾಡಬಹುದಾದ ಕೆಲಸಕ್ಕೆ ಬರೋಣ. ಪಟ್ಟಿ ಬಿಚ್ಚುವಾಗ ಆಗುವ ನೋವು ಅರ್ಧಕ್ಕರ್ಧ ಬೇಡದ ನೋವು. ಒಣಗಿ ಅಂಟಿಕೊಂಡ, ಗಾಜು ಎಂಬ ಡ್ರೆಸಿಂಗ್ ಬಟ್ಟೆಯನ್ನು ಕಿತ್ತು ತೆಗೆದರೆ ಆಗಷ್ಟೇ ಹುಟ್ಟಿದ ಚರ್ಮವೂ ಅದರ ಜೊತೆ ಬರುತ್ತದೆ. ಸಲೈನೋ, ಕುದಿಸಿ ಆರಿಸಿದ ನೀರೋ ಹನಿಸಿ ಹತ್ತು ನಿಮಿಷ ನೆನೆಯಬಿಡಿ, ತಾನೇ ಬಿಡುತ್ತದೆ. ಮೇಣದ ಗಾಜು ಎಂಬ ಅಂಟದ ಜಾಳಿಗೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯೇನಲ್ಲ. ಡ್ರೆಸಿಂಗಿಗೆ ಅರ್ಧ ತಾಸು ಮೊದಲು ನೋವಿನ ಗುಳಿಗೆ ಕೊಡಿ ಎಂದು ನಿಮ್ಮ ಡಾಕ್ಟರರನ್ನು ಕೇಳಿ, ಸಂಕೋಚ ಬೇಡ. ದಿನಾ ಸ್ಪಿರಿಟು, ನೊರೆ ಬರುವ ಪೆರಾಕ್ಸೈಡು ಸುರಿದು "ಉರಿದರೇನೇ ಕೆಲಸ ಮಾಡ್ತದ" ಎನ್ನುವವರಿದ್ದಾರೆ. ಆ ಉರಿಯಲ್ಲಿ ಹೊಸ ಚರ್ಮಕ್ಕೂ ಪೆಟ್ಟು ಬೀಳುತ್ತದೆ.

ವಾಸನೆಗೂ ಉಪಾಯವಿದೆ. ಅದು ಹುಟ್ಟುವುದು ಕೊಳೆತ ಪದರದಲ್ಲಿ ಬೆಳೆಯುವ ಸೂಕ್ಷ್ಮಾಣುಗಳಿಂದ. ಆ ಪದರವನ್ನು ತೆಗೆಸಿ, ವೈದ್ಯರ ಸಲಹೆಯಂತೆ ಮೆಟ್ರೊನಿಡಜೋಲ್ ಜೆಲ್ ಹಚ್ಚಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಸೋರುವುದು ಜಾಸ್ತಿ ಇದ್ದರೆ ಮೇಲಿನ ಹತ್ತಿಯ ಪದರ ದಪ್ಪ ಮಾಡಬೇಕು, ಅದು ತೊಯ್ದ ಕೂಡಲೇ ಬದಲಿಸಬೇಕು. ಚಿಂಚಲಿಯ ಅಜ್ಜಿಗೆ ಇಷ್ಟನ್ನೇ ಮಾಡಿದ್ದು.

ಮನೆಮದ್ದಿನ ಬಗ್ಗೆ ಎರಡು ಮಾತು. ಮಾಯಕ್ಕನ ಭಂಡಾರವನ್ನು ಹಣೆಗೆ ಹಚ್ಚಿಕೊಳ್ಳಿ, ಹುಣ್ಣಿಗೆ ತುಂಬಬೇಡಿ. ತಂಬಾಕಿನ ಪುಡಿ, ಸುಣ್ಣ, ಬೂದಿ ಬೇಡವೇ ಬೇಡ. ಜೇನಿನ ಕತೆ ಮಾತ್ರ ಬೇರೆ. ನಮ್ಮ ನೆರೆಯ ಸೊಲ್ಲಾಪುರದ ಸರ್ಜನ್ ಎಂ. ಸುಬ್ರಹ್ಮಣ್ಯಂ ಅವರು ಸುಟ್ಟ ಗಾಯಕ್ಕೆ ಜೇನು ಹಚ್ಚಿ ಪಡೆದ ಒಳ್ಳೆಯ ಫಲಿತಾಂಶ 1991ರಲ್ಲಿ ಬ್ರಿಟನ್ನಿನ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಅಚ್ಚಾಯಿತು. ಹಾಗೆಂದು ಕಾಲಿನ ಹುಣ್ಣಿಗೂ ಅದೇ ಎನ್ನುವಂತಿಲ್ಲ. ನ್ಯೂಜಿಲೆಂಡಿನಲ್ಲಿ ರಕ್ತನಾಳದ ಹುಣ್ಣಿದ್ದ 368 ಜನರಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದಾಗ, ಮಾಮೂಲಿ ಡ್ರೆಸಿಂಗಿಗಿಂತ ಜೇನು ಹೇಳಿಕೊಳ್ಳುವಷ್ಟು ಹೆಚ್ಚೇನೂ ಮಾಡಲಿಲ್ಲ. ಎರಡೂ ಗುಂಪಿನವರ ಕಾಲಿಗೆ, ಕಾಲನ್ನು ಒತ್ತಿ ಹಿಡಿಯುವ ಬಿಗಿಪಟ್ಟಿ ಇತ್ತು. ಆ ಪಟ್ಟಿಯೇ ಮುಖ್ಯ ಔಷಧಿ ಎಂಬುದನ್ನು ಮರೆಯಬಾರದು.

ಊಟದಲ್ಲೂ ನಮ್ಮ ಕಡೆ ಒಂದು ಹಟ. ಹುಣ್ಣಾದವರಿಗೆ ಬೇಳೆ ನಂಜು, ಮೊಟ್ಟೆ ನಂಜು, ಬದನೆಕಾಯಿ ನಂಜು, ಬೇಳೆ ತಿಂದರೆ ಕೀವಾಗುತ್ತದೆ ಎಂದು ಬರೀ ಗಂಜಿ, ಬಿಳಿ ಅನ್ನದ ಮೇಲೆ ಇಡುತ್ತಾರೆ. ಸೋರುವ ಹುಣ್ಣಿನಿಂದ ದಿನಾ ಪ್ರೋಟೀನು ಹೊರಗೆ ಹೋಗುತ್ತಿರುವಾಗ ತಿನ್ನುವುದನ್ನೂ ತೆಗೆದರೆ ಚರ್ಮ ಯಾವುದರಿಂದ ಬೆಳೆಯಬೇಕು? ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ತಿನ್ನುವವರಿಗೆ ಮೊಟ್ಟೆ ಮೀನು, ಎಲ್ಲ ಕೊಡಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇದ್ದವರು ಅಳತೆಯನ್ನು ವೈದ್ಯರಿಂದ ಕೇಳಿಕೊಳ್ಳಲಿ.

ಈಗ ಬಿಗಿಪಟ್ಟಿ. ನರ ಉಬ್ಬಿ ಆದ ಹುಣ್ಣಿಗೆ ಕಾಲನ್ನು ಕಾಲ್ಬೆರಳ ಬುಡದಿಂದ ಮೊಣಕಾಲ ಕೆಳಗಿನವರೆಗೆ, ಹಿಮ್ಮಡ ಬಿಡದಂತೆ, ಒಂದು ಸುತ್ತಿನ ಅರ್ಧ ಇನ್ನೊಂದರ ಮೇಲೆ ಬರುವಂತೆ ಕಟ್ಟಬೇಕು. ಹರಡಿನ ಹತ್ತಿರ ಹೆಚ್ಚು ಬಿಗಿ, ಮೇಲೆ ಹೋದಂತೆ ಕಡಿಮೆ. ಕಟ್ಟುವುದು ಬೆಳಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲು, ಬಾವು ಇಲ್ಲದಾಗ. ಮಲಗಿದಾಗ ಕಾಲಿನ ಕೆಳಗೆ ದಿಂಬಿಟ್ಟು ಕಾಲು ಎದೆಗಿಂತ ಎತ್ತರ ಇರಲಿ. ಮೊದಲ ಸಲ ನರ್ಸಮ್ಮನವರ ಎದುರು ಕಟ್ಟಿ ಕಲಿತುಕೊಳ್ಳಿ, ಮನೆಯವರೂ ಕಲಿಯಲಿ. ಹುಣ್ಣಿನ ಮೇಲಷ್ಟೇ ನಾಲ್ಕು ಸುತ್ತು ಕಟ್ಟಿ ಗಂಟು ಹಾಕಿದರೆ ಗಂಟಿನ ಕೆಳಗೆ ಬಾವು ಹೆಚ್ಚುತ್ತದೆ.

ಒಂದು ಎಚ್ಚರಿಕೆ, ಅದರಲ್ಲೂ ತಂಬಾಕಿನ ನಾಡಾದ ನಿಪ್ಪಾಣಿಯ ಕಡೆಯವರಿಗೆ. ಬೀಡಿ ಸೇದುವ ಗಂಡಸರಲ್ಲಿ, ಕೆಲವೊಮ್ಮೆ ಮೂವತ್ತು ನಲವತ್ತರ ಪ್ರಾಯದಲ್ಲೇ, ಕಾಲಿಗೆ ಹೋಗುವ ಶುದ್ಧ ರಕ್ತದ ನಾಳಗಳು ಮುಚ್ಚಿಕೊಳ್ಳುತ್ತವೆ. 1908ರಲ್ಲಿ ಲಿಯೋ ಬರ್ಗರ್ ಎಂಬ ವೈದ್ಯ ವಿವರಿಸಿದ್ದರಿಂದ ಅವನ ಹೆಸರೇ ಆ ರೋಗಕ್ಕೆ ಉಳಿದಿದೆ. ಇವರ ಪಾದ ತಣ್ಣಗಿರುತ್ತದೆ, ಬೆರಳ ತುದಿ ಕಪ್ಪಾಗುತ್ತದೆ, ರಾತ್ರಿ ನೋವಿಗೆ ಕಾಲನ್ನು ಮಂಚದಿಂದ ಜೋಲು ಬಿಟ್ಟು ಕೂರುತ್ತಾರೆ. ಇಂಥ ಕಾಲಿಗೆ ಬಿಗಿಪಟ್ಟಿ ಕಟ್ಟಿದರೆ ಕಾಲೇ ಹೋದೀತು. ಆದ್ದರಿಂದ ಕಟ್ಟುವ ಮುಂಚೆ ಪಾದದ ನಾಡಿ ನೋಡಿಸಬೇಕು, ಹರಡಿನ ರಕ್ತದೊತ್ತಡವನ್ನು ತೋಳಿನದರ ಜೊತೆ ಹೋಲಿಸಿ ನೋಡಿಸಬೇಕು. ಈ ರೋಗಕ್ಕೆ ಬೀಡಿ ಬಿಡುವುದೇ ಮೊದಲ ಚಿಕಿತ್ಸೆ. ದಿನಕ್ಕೆ ಒಂದೇ ಒಂದು ಸೇದುತ್ತೇನೆ ಎನ್ನುವವರಿಗೂ ಅದು ಕ್ಷಮೆ ಕೊಡುವುದಿಲ್ಲ.

ಸ್ಪರ್ಶವಿಲ್ಲದ ಪಾದದ ತೊಂದರೆ ಇದಕ್ಕೆ ತದ್ವಿರುದ್ಧ. ನೋವೇ ಇಲ್ಲ, ಆದ್ದರಿಂದ ಹುಣ್ಣಿದ್ದರೂ ಅದೇ ಕಾಲೂರಿ ನಡೆಯುತ್ತಾರೆ. ಕುಷ್ಠದವರ ಪಾದದ ಹುಣ್ಣು ರೋಗದಿಂದ ನೇರವಾಗಿ ಬರುವುದಲ್ಲ, ಅರಿವಿಲ್ಲದ ಪಾದದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡದಿಂದ ಎಂದು ವೆಲ್ಲೂರಿನಲ್ಲಿದ್ದ ಪಾಲ್ ಬ್ರಾಂಡ್ ತೋರಿಸಿಕೊಟ್ಟರು. ಮೆತ್ತನೆಯ ಎಂಸಿಆರ್, ಅಂದರೆ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ ಹಾಗೆ ಬಳಕೆಗೆ ಬಂತು, ಕುಷ್ಠ ನಿವಾರಣಾ ಕಾರ್ಯಕ್ರಮದಲ್ಲಿ ಅದನ್ನು ವರ್ಷಕ್ಕೆ ಎರಡು ಜೊತೆ ಪುಕ್ಕಟೆ ಕೊಡುತ್ತಾರೆ. ಸಕ್ಕರೆ ಕಾಯಿಲೆಯ ಪಾದಕ್ಕೂ ಮೆತ್ತನೆಯ ಅಡಿಯೇ ಬೇಕು. ಇಲ್ಲಿ ನಮ್ಮ ಅಥಣಿಯ ಚಪ್ಪಲಿಯ ಮಾತು ಎತ್ತದೆ ಇರಲಾರೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಪಾಲು ಬಂತು, ನಮಗೆಲ್ಲ ಹೆಮ್ಮೆ. ಆದರೆ ಆ ಗಟ್ಟಿ ತೊಗಲಿನ ಅಡಿ, ಹೆಬ್ಬೆರಳಿಗೆ ಹಾಕುವ ಉಂಗುಷ್ಟ, ಕಚ್ಚುವ ಹೊಸ ಪಟ್ಟಿ ಸ್ಪರ್ಶವಿಲ್ಲದ ಪಾದಕ್ಕೆ ಆಗಿಬರುವುದಿಲ್ಲ. ಅದೇ ಕುಶಲ ಕೈಗಳು ಮೆತ್ತನೆಯ ಒಳ ಅಡಿ ಇಟ್ಟು, ಹಿಂದೆ ಪಟ್ಟಿ ಕೊಟ್ಟು, ಒಳಗೆ ಮೊಳೆ ಇಲ್ಲದ ಚಪ್ಪಲಿ ಹೊಲಿಯಲು ತೊಡಗಿದರೆ ಈ ಭಾಗದ ಎಷ್ಟೋ ಕಾಲು ಉಳಿದಾವು. ಚೆಲುವಿನ ಚಪ್ಪಲಿ ಮಾರುವಷ್ಟೇ ಸಲೀಸಾಗಿ ಇದನ್ನೂ ಮಾರಬಹುದು, ಗಿರಾಕಿ ಕಡಿಮೆಯಿಲ್ಲ.

ಇನ್ನು ದೊಡ್ಡ ಆಸ್ಪತ್ರೆಯ, ದುಡ್ಡಿನ ಮಾತು. 1894ರಲ್ಲಿ ವಿಲಿಯಂ ವಾನ್ಲೆಸ್ ಮಿರಜಿನಲ್ಲಿ ಮಿಶನ್ ಆಸ್ಪತ್ರೆ ತೆರೆದ ಕಾಲದಿಂದ ಕೃಷ್ಣೆಯ ದಂಡೆಯವರು ದೊಡ್ಡ ಜಡ್ಡಿಗೆಲ್ಲ ಮಿರಜಿನ ದಾರಿ ಹಿಡಿದವರು. ಈಗ ಬೆಳಗಾವಿಗೂ ಹೋಗುತ್ತಾರೆ. ಕೆಟ್ಟ ನರವನ್ನು ಒಳಗಿನಿಂದ ಸುಟ್ಟು ಮುಚ್ಚುವ ಚಿಕಿತ್ಸೆ ಬಂದಿದೆ. ಬ್ರಿಟನ್ನಿನಲ್ಲಿ 450 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಗಿಪಟ್ಟಿಯ ಜೊತೆಗೆ ಈ ಚಿಕಿತ್ಸೆ ಬೇಗ ಸಿಕ್ಕವರ ಹುಣ್ಣು ಸಾಮಾನ್ಯವಾಗಿ 56 ದಿನಕ್ಕೆ ಮಾಯಿತು, ತಡವಾಗಿ ಸಿಕ್ಕವರದು 82 ದಿನಕ್ಕೆ. ಹಾಗಾಗಿ ಹುಣ್ಣು ಹಳತಾಗುವ ತನಕ ಕಾಯದೆ ಮೊದಲ ತಿಂಗಳಲ್ಲೇ ನರದ ಡಾಪ್ಲರ್ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಬಹಳ ವರ್ಷದ ಹುಣ್ಣಿನ ಅಂಚು ದಪ್ಪಗೆ ಹೂಕೋಸಿನಂತೆ ಎದ್ದರೆ ಅದು ಕ್ಯಾನ್ಸರಿಗೆ ತಿರುಗಿರಬಹುದು, ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಇದಕ್ಕೆಲ್ಲ ದುಡ್ಡು ಬೇಕು, ಆದರೆ ಸರ್ಕಾರದ ಆರೋಗ್ಯ ಕಾರ್ಡು ನಡೆಯುವುದು ಹೆಚ್ಚಾಗಿ ಆಸ್ಪತ್ರೆಗೆ ದಾಖಲಾಗಿ ಮಾಡಿಸಿಕೊಳ್ಳುವ ಚಿಕಿತ್ಸೆಗೆ. ಕಾಲು ಕತ್ತರಿಸಲು ಕಾರ್ಡು ಇದೆ, ಕಾಲು ಉಳಿಸುವ ವಾರದ ಪಟ್ಟಿಗೆ ಜೇಬೇ ಗತಿ. ಇದು ಬದಲಾಗಬೇಕಾದ ಲೆಕ್ಕ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಗಲದ ಬಿಗಿಪಟ್ಟಿ, ಅಂಟದ ಗಾಜು, ಸಲೈನು ಇವಿಷ್ಟು ತಪ್ಪದೆ ಸಿಕ್ಕರೂ ಎಷ್ಟೋ ಜನರ ರೈಲು ಚಾರ್ಜು ಉಳಿಯುತ್ತದೆ.

ನಮ್ಮಲ್ಲಿ ಇನ್ನೊಂದು ಸಂಕಟ ಹೊಳೆಯದು. 2019ರ ಆಗಸ್ಟಿನಲ್ಲಿ, 2021ರ ಜುಲೈಯಲ್ಲಿ ಕೃಷ್ಣೆ ಉಕ್ಕಿ ಬಂದಾಗ ಹೊಳೆದಂಡೆಯ ಊರುಗಳ ಜನ ದನಕರು ಕಟ್ಟಿಕೊಂಡು ಶಾಲೆಗಳಲ್ಲಿ, ಗಂಜಿ ಕೇಂದ್ರಗಳಲ್ಲಿ ಉಳಿದರು. ಅಂಥ ಹೊತ್ತಿನಲ್ಲಿ ಹುಣ್ಣಿನವರು ಕೆಸರುನೀರು ತುಳಿದೇ ಬರಬೇಕು, ಬಂದ ಮೇಲೆ ನೂರು ಜನರ ಹಾಲಿನಲ್ಲಿ ಪಟ್ಟಿ ಬಿಚ್ಚಲು ಮರೆ ಇಲ್ಲ. ಮಳೆಗಾಲಕ್ಕೆ ಮುಂಚೆ ಎರಡು ವಾರದ ಪಟ್ಟಿ, ಗಾಜು, ಗುಳಿಗೆಗಳನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟುಕೊಳ್ಳಿ. ಕಾಲಿಗೆ ಕಟ್ಟಲು ಖಾಲಿ ಗೊಬ್ಬರದ ಚೀಲವಲ್ಲ, ತೊಳೆದ ಹಾಲಿನ ಚೀಲದಂಥ ಸ್ವಚ್ಛ ಪ್ಲಾಸ್ಟಿಕ್ಕು ಇರಲಿ. ಗಂಜಿ ಕೇಂದ್ರ ನಡೆಸುವವರು ಒಂದು ಮೂಲೆಗೆ ಸೀರೆಯ ಪರದೆ ಕಟ್ಟಿಕೊಟ್ಟರೆ ದೊಡ್ಡ ಉಪಕಾರ.

ಕೊನೆಯದಾಗಿ, ಜೊತೆ ಕೂಡುವ ವಿಚಾರ. ಇಂಗ್ಲೆಂಡಿನ ಸಫೋಕ್ ಪ್ರಾಂತದಲ್ಲಿ ಎಲಿ ಲಿಂಡ್ಸೆ ಎಂಬ ನರ್ಸು 1995ರಲ್ಲಿ ಒಂದು ಕೆಲಸ ಮಾಡಿದರು. ಕಾಲಿನ ಹುಣ್ಣಿನ ಮುದುಕರ ಮನೆಮನೆಗೆ ಹೋಗಿ ಪಟ್ಟಿ ಕಟ್ಟುವ ಬದಲು ಅವರನ್ನೆಲ್ಲ ವಾರಕ್ಕೊಮ್ಮೆ ಊರಿನ ಸಭಾಮಂದಿರಕ್ಕೆ ಕರೆದರು. ಆಸ್ಪತ್ರೆಯ ವಾಸನೆ ಇಲ್ಲ, ಸರದಿ ಚೀಟಿ ಇಲ್ಲ. ಬಕೆಟ್ಟಿನಲ್ಲಿ ಕಾಲು ತೊಳೆದುಕೊಂಡು, ಒಬ್ಬರ ಎದುರು ಒಬ್ಬರು ಪಟ್ಟಿ ಕಟ್ಟಿಸಿಕೊಂಡು, ಚಹಾ ಕುಡಿದು ಹೋಗುವುದು. ನನಗೊಬ್ಬಳಿಗೇ ಈ ಶಿಕ್ಷೆ ಎಂಬ ಭಾವನೆ ಅಲ್ಲಿ ಒಡೆಯುತ್ತದೆ. ಇತ್ತ ನಮ್ಮ ಕಾಸರಗೋಡಿನಲ್ಲಿ ಡಾ. ಎಸ್. ಆರ್. ನರಹರಿ ಅವರು 1999ರಲ್ಲಿ ಕಟ್ಟಿದ ಅನ್ವಯಿಕ ಚರ್ಮವೈದ್ಯ ಸಂಸ್ಥೆಯವರು ಆನೆಕಾಲಿನವರಿಗೆ ತೊಳೆಯುವುದು, ಆಯುರ್ವೇದದ ಉಪಚಾರ, ಯೋಗ, ಬಿಗಿಪಟ್ಟಿ ಎಲ್ಲವನ್ನೂ ಸೇರಿಸಿ ಕಲಿಸುತ್ತಾರೆ, ಮನೆಯಲ್ಲಿ ತಾವೇ ಮಾಡಿಕೊಳ್ಳುವ ಹಾಗೆ. ಕಾಲಿನ ಸುತ್ತಳತೆಯ ಜೊತೆಗೆ ಬದುಕು ಎಷ್ಟು ಸುಧಾರಿಸಿತು ಎಂಬುದನ್ನೂ ಅವರು ಅಳೆಯುತ್ತಾರೆ.

ಕುಡಚಿಯಲ್ಲೋ ಉಗಾರದಲ್ಲೋ ಇದನ್ನು ಸುರು ಮಾಡಲು ಕಟ್ಟಡ ಬೇಕಿಲ್ಲ. ಗುಡಿಯ ಹಿಂದಿನ ಹಾಲ್, ಶಾದಿಮಹಲು, ಸಂಘದ ಕೋಣೆ ಯಾವುದಾದರೂ ಆದೀತು. ನಾಲ್ಕು ಸ್ಟೂಲು, ಬಿಸಿನೀರು, ಬಕೆಟ್ಟು, ಸೋಂಕು ತಪ್ಪಿಸಲು ಬಕೆಟ್ಟಿನೊಳಗೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಹಾಸುವ ಪ್ಲಾಸ್ಟಿಕ್ಕು, ಕೊಳೆ ಪಟ್ಟಿ ಹಾಕಲು ಮುಚ್ಚಳದ ಡಬ್ಬಿ. ಒಬ್ಬ ತರಬೇತಾದ ನರ್ಸು, ಮನೆಮನೆ ಗೊತ್ತಿರುವ ಆಶಾ ಕಾರ್ಯಕರ್ತೆಯರು. ಹುಣ್ಣು ಮಾಯ್ದವರನ್ನೂ ಕರೆಯಬೇಕು, ಅವರೇ ಉಳಿದವರಿಗೆ ಧೈರ್ಯ. ಅವರಿಗೂ ಬರುವ ಅಗತ್ಯವಿದೆ. ಬ್ರಿಟನ್ನಿನ 500 ಜನರ ಇನ್ನೊಂದು ಅಧ್ಯಯನದಲ್ಲಿ, ಬರೀ ಬಿಗಿಪಟ್ಟಿಯಿಂದ ಮಾಯ್ದವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ 28 ಜನರಿಗೆ ಹುಣ್ಣು ಮರಳಿತು, ನರದ ಆಪರೇಶನ್ನೂ ಆದವರಲ್ಲಿ ನೂರಕ್ಕೆ 12 ಜನರಿಗೆ. ಅಂದರೆ ಮಾಯ್ದ ಮೇಲೂ ಬಿಗಿಕಾಲುಚೀಲ ಬಿಡುವಂತಿಲ್ಲ, ಆರು ತಿಂಗಳಿಗೊಮ್ಮೆ ಅದರ ಬಿಗಿ ಸಡಿಲಾಗುತ್ತದೆ, ಹೊಸದು ಕೊಳ್ಳಬೇಕು. ಯಾರದು ಸಡಿಲಾಗಿದೆ, ಯಾರ ಚರ್ಮ ಮತ್ತೆ ಕಂದಾಗುತ್ತಿದೆ ಎಂದು ವಾರಕ್ಕೊಮ್ಮೆ ಒಬ್ಬರ ಕಾಲನ್ನು ಇನ್ನೊಬ್ಬರು ನೋಡಿ ಹೇಳುವಂತಾದರೆ, ಹುಣ್ಣು ಮರಳುವ ಮೊದಲೇ ನಮ್ಮ ಹತ್ತಿರ ಬರುತ್ತಾರೆ.